ನಿಂಬೆ ತೋಟದ ಉಗಿಬಂಡಿ

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ, ಗಾಂಧಿ ಚೌಕದ ಹಿಂದಿನ ಗಲ್ಲಿಯಲ್ಲಿದ್ದ ನಮ್ಮ ಗಡಿಯಾರದ ಅಂಗಡಿಗೆ ತಿಕೋಟಾದಿಂದ ವಯಸ್ಸಾದ ಹೆಂಗಸೊಬ್ಬರು ಬಂದರು. ಕರವಸ್ತ್ರದ ಗಂಟು ಬಿಚ್ಚಿ ಹಿತ್ತಾಳೆಯ ದುಂಡನೆಯ ವಸ್ತುವೊಂದನ್ನು ಮೇಜಿನ ಮೇಲಿಟ್ಟರು. ಜೇಬುಗಡಿಯಾರದಷ್ಟೇ ಗಾತ್ರ, ಮೇಲೆ ಗಾಜು, ಒಳಗೆ ಒಂದೇ ಮುಳ್ಳು. ಕೀಲಿ ಕೊಡುವ ತಿರುಪು ಇರಲಿಲ್ಲ. ಮುಖದ ಮೇಲೆ ಸೊನ್ನೆಯಿಂದ ನೂರಾ ಇಪ್ಪತ್ತರವರೆಗೆ ಅಂಕಿಗಳಿದ್ದವು. ಮುಳ್ಳು ಮೂವತ್ತರ ಹತ್ತಿರ ಸಿಕ್ಕಿಕೊಂಡು ನಿಂತಿತ್ತು.

"ಇದು ಗಡಿಯಾರ ಅಲ್ಲ ಅಂತ ನನಗೂ ಗೊತ್ತೈತಿ," ಎಂದರು. "ಆದ್ರ ಒಳಗ ಗಡಿಯಾರದಂಗ ಹಲ್ಲಿನ ಗಾಲಿ ಅದಾವ ಅಂತ ನಮ್ಮ ಮನಿಯವರು ಹೇಳ್ಯಾರ. ರಿಪೇರಿ ಮಾಡೋರು ಎಲ್ಲಿ ಹೋಗ್ಯಾರವಾ?"

"ನಾನ ಮಾಡ್ತೀನ್ರಿ."

ಅವರು ನನ್ನನ್ನು ನೋಡಿದರು, ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ಅಪ್ಪನನ್ನು ನೋಡಿದರು. ಅಪ್ಪನ ಕಣ್ಣು ಮಂಜಾದ ಮೇಲೆ ಸಣ್ಣ ಕೆಲಸವೆಲ್ಲ ನನ್ನ ಪಾಲಿಗೆ ಬಂದಿತ್ತು. "ಆಕಿನ ಮಾಡ್ತಾಳ್ರಿ, ಕೊಡ್ರಿ," ಎಂದು ಅಪ್ಪ ಹೇಳಿದ ಮೇಲೆ ವಸ್ತು ನನ್ನ ಕೈಗೆ ಬಂತು.

ಬಿಚ್ಚಿ ನೋಡಿದೆ. ಪ್ರಶ್ನೆಯ ಗುರುತಿನ ಹಾಗೆ ಬಾಗಿದ ಒಂದು ಚಪ್ಪಟೆ ಕೊಳವೆ, ಅದರ ತುದಿಗೆ ಒಂದು ಸಣ್ಣ ಕಡ್ಡಿ, ಕಡ್ಡಿಯಿಂದ ಅರ್ಧ ಚಂದ್ರದಂಥ ಹಲ್ಲುಗಾಲಿ, ಅದು ತಿರುಗಿಸುವ ಇನ್ನೊಂದು ಗಾಲಿಯ ಮೇಲೆ ಮುಳ್ಳು. ಕೊಳವೆಗೆ ಒತ್ತಡ ಬಂದರೆ ಅದು ನೆಟ್ಟಗಾಗಲು ನೋಡುತ್ತದೆ, ಆಗ ಮುಳ್ಳು ಸರಿಯುತ್ತದೆ. ಇಷ್ಟು ನೋಡಿದೊಡನೆ ತಿಳಿಯಿತು. ಯಾವುದರ ಒತ್ತಡ ಎಂಬುದು ತಿಳಿಯಲಿಲ್ಲ. ಕೇಳಿದೆ.

ಅವರ ಗಂಡ ರೈಲ್ವೆಯಲ್ಲಿ ಉಗಿ ಎಂಜಿನ್ನಿನ ಡ್ರೈವರ್ ಆಗಿದ್ದವರು. ನಿವೃತ್ತರಾಗಿ ತಿಕೋಟಾದ ತಮ್ಮ ನಿಂಬೆ ತೋಟದಲ್ಲಿ ನೆಲೆಸಿದ್ದರು. ವರ್ಷಗಟ್ಟಲೆ ಎಂಜಿನ್ನಿನ ಸದ್ದಿನಲ್ಲಿದ್ದು ಕಿವಿ ಪೂರ್ತಿ ಹೋಗಿತ್ತು. ಅವರು ಎಳೆಯ ವಯಸ್ಸಿನಲ್ಲಿ ಕೆಲಸ ಕಲಿತ ಕಾರ್ಖಾನೆಯ ಫೋರ್‌ಮನ್ ಒಬ್ಬ ತನ್ನ ಕೈಯಾರೆ ಸಣ್ಣದೊಂದು ಉಗಿ ಎಂಜಿನ್ ಮಾಡಿದ್ದನಂತೆ. ಊರು ಬಿಟ್ಟು ಹೋಗುವಾಗ ಅದನ್ನು ಇವರಿಗೆ ಕೊಟ್ಟು ಹೋಗಿದ್ದ. ಇವರು ಗಿಡಗಳ ನಡುವೆ ತೋಟ ಸುತ್ತಿ ಬರುವಂತೆ ಗೇಣಿಗಿಂತ ಕಡಿಮೆ ಅಗಲದ ಹಳಿ ಹಾಕಿ ಅದನ್ನು ಓಡಿಸುತ್ತಿದ್ದರು.

"ಹ್ವಾದ ವರ್ಷ ಈ ಮುಳ್ಳು ಸಿಕ್ಕೊಂಡು ಮೂವತ್ತಕ್ಕ ನಿಂತಿತ್ತು," ಎಂದರು ಆಕೆ. "ಇನ್ನೂ ಉಗಿ ಕೂಡಿಲ್ಲ ಅಂತ ಇವರು ಒಲಿಗೆ ಕೋಲ್ಸಾ ಹಾಕ್ಕೋತ ಹ್ವಾದ್ರು. ಮ್ಯಾಲ ಸೀಟಿ ಹೊಡದಂಗ ಉಗಿ ಹಾರಾಕತ್ತಿತ್ತು. ನಾನು ಅಡಗಿ ಮನ್ಯಾಗಿಂದ ಚೀರಿದೆ. ಇವರಿಗೆ ನಂದೂ ಕೇಳಲಿಲ್ಲ, ಅದರದೂ ಕೇಳಲಿಲ್ಲ. ಕೈ ಸುಟ್ಟುಕೊಂಡ್ರು. ಈಗ ಮತ್ತ ಹಚ್ಚತೀನಿ ಅಂತಾರ."

"ಬ್ಯಾಡ ಅನ್ರಿ ಮತ್ತ."

"ಬ್ಯಾಡ ಅಂದ್ರ ಊಟ ಬಿಡ್ತಾರ. ಅದಕ್ಕ ಒಂದು ಮಾತು ಆಗೇತಿ ನಮ್ಮಿಬ್ಬರೊಳಗ. ತಿಳದವರು ಯಾರರ ನೋಡಿ, ಇದು ಒಡಿಯಂಗಿಲ್ಲ ಅಂತ ನನಗ ಹೇಳಬೇಕು. ಹೇಳಿದ್ರ ಇರಲಿ. ಇಲ್ಲಂದ್ರ ಬಾಯ್ಲರಿನ ತಾಮ್ರ ಬೋಗಾರಗ ಕೊಟ್ಟು ಕೊಡ ಮಾಡಿಸ್ಕೋತೀನಿ."

ತಿಳಿದವಳು ನಾನಲ್ಲ ಎಂದು ಹೇಳಿದೆ. ಅವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಉಗಿಯ ಒತ್ತಡ ತೋರಿಸುವ ಆ ಮಾಪಕದೊಳಗಿನ ಜಿಡ್ಡು ತೆಗೆದು, ಹಲ್ಲುಗಾಲಿ ತೊಳೆದು ಕೂಡಿಸುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಆದರೆ ಗಡಿಯಾರ ಸರಿಯಾಗಿದೆಯೇ ಎಂದು ನೋಡಲು ಇನ್ನೊಂದು ಗಡಿಯಾರ ಬೇಕು. ಇದಕ್ಕೆ ಜೊತೆ ಎಲ್ಲಿ ಹುಡುಕುವುದು? ಲಾರಿ ಟೈರಿಗೆ ಗಾಳಿ ತುಂಬುವ ಅಂಗಡಿಯಲ್ಲಿ ಪೌಂಡಿನ ಮಾಪಕ ಇರುತ್ತದೆಂದು ಅಪ್ಪ ನೆನಪಿಸಿದ. ಅಲ್ಲಿಗೆ ಹೋಗಿ ರಬ್ಬರ್ ಕೊಳವೆಗೆ ಎರಡನ್ನೂ ಜೋಡಿಸಿ ಗಾಳಿ ಬಿಡಿಸಿದೆ. ಕೆಳಗಿನ ಅಂಕಿಗಳಲ್ಲಿ ಎರಡೂ ಒಂದಾಗಿದ್ದವು. ಅಂಗಡಿಯದು ಎಂಬತ್ತು ತೋರಿಸಿದಾಗ ನನ್ನದು ಎಪ್ಪತ್ತರಲ್ಲಿತ್ತು. ಗಡಿಯಾರ ಹಿಂದೆ ಬಿದ್ದರೆ ಬಸ್ಸು ತಪ್ಪುತ್ತದೆ, ಅಷ್ಟೆ. ಇದು ಹಿಂದೆ ಬಿದ್ದರೆ, ಕಡಿಮೆ ಇದೆ ಎಂದುಕೊಂಡು ಮನುಷ್ಯ ಬೆಂಕಿ ಹೆಚ್ಚಿಸುತ್ತಾನೆ. ಅಪಾಯ ಮೇಲಿನ ಅಂಕಿಗಳಲ್ಲೇ ಇರುವುದರಿಂದ ಮುಳ್ಳನ್ನು ಕಿತ್ತು, ಎಂಬತ್ತರ ಹತ್ತಿರ ತಪ್ಪು ಬರದಂತೆ ಕೂಡಿಸಿದೆ. ಸೊನ್ನೆಯ ಕಡೆ ತುಸು ಹೆಚ್ಚು ತೋರಿಸತೊಡಗಿತು. ಅದು ಇರಲಿ ಎಂದು ಬಿಟ್ಟೆ.

ಅಂಗಡಿಗೆ ರಜೆಯಿದ್ದ ದಿನ ಮಾಪಕ ತೆಗೆದುಕೊಂಡು ತಿಕೋಟಾದ ಬಸ್ಸು ಹತ್ತಿದೆ. ಕೊಟ್ಟು ಬರುವ ಮನಸ್ಸಿತ್ತು, ಅಷ್ಟೇ.

ತೋಟದಲ್ಲಿ ಡ್ರೈವರ್ ಸಾಹೇಬರ ಜೊತೆ ಇನ್ನೊಬ್ಬರಿದ್ದರು. ಅವರೊಡನೆ ಬಹಳ ವರ್ಷ ಎಂಜಿನ್ನಿಗೆ ಕಲ್ಲಿದ್ದಲು ಹಾಕಿದ ಫಾಯರ್‌ಮನ್. ಬಬಲೇಶ್ವರದವರು, ಅವರೂ ನಿವೃತ್ತರು, ವಾರಕ್ಕೊಮ್ಮೆ ಬರುತ್ತಿದ್ದರು. ಅವರಿಬ್ಬರೂ ಮಾತಾಡುವುದು ಕೈಸನ್ನೆಯಲ್ಲಿ. ಕಿವಿ ಹೋದ ಮೇಲೆ ಕಲಿತದ್ದಲ್ಲ ಅದು. ಓಡುವ ಎಂಜಿನ್ನಿನ ಮೇಲೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲವಾದ್ದರಿಂದ ಮೊದಲಿನಿಂದಲೂ ಹಾಗೇ. ಅಂಗೈ ಮೇಲೆತ್ತಿದರೆ ನೀರು. ಎರಡು ಮುಷ್ಟಿ ಮುಂದೆ ನೂಕಿದರೆ ಕಲ್ಲಿದ್ದಲು. ನಾನು ಹೇಳಿದ್ದನ್ನು ಫಾಯರ್‌ಮನ್ ಕಾಕಾ ಸನ್ನೆ ಮಾಡಿ ಸಾಹೇಬರಿಗೆ ಮುಟ್ಟಿಸುತ್ತಿದ್ದರು. ಸಾಹೇಬರು ನನಗೆ ದೊಡ್ಡ ದನಿಯಲ್ಲಿ ಉತ್ತರ ಕೊಡುತ್ತಿದ್ದರು.

ಎಂಜಿನ್ ಒಂದು ಮಗ್ಗುಲ ಕೋಣೆಯಲ್ಲಿತ್ತು. ಮಲಗಿದ ಕರುವಿನಷ್ಟು ಉದ್ದ. ಎರಡು ಜನ ಸೇರಿದರೆ ಎತ್ತಬಹುದು, ಒಬ್ಬರಿಂದಾಗದು. ಅದು ಹೇಗೆ ನಡೆಯುತ್ತದೆಂದು ಸಾಹೇಬರು ಅಂದೇ ಹೇಳಿಕೊಟ್ಟರು. ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದವರ ಹಾಗೆ.

"ಬೇಟಿ, ಇದು ಒಲಿ," ಎಂದು ಹಿಂದಿನ ಬಾಗಿಲು ತೆಗೆದು ತೋರಿಸಿದರು. "ಒಲಿಯಿಂದ ಮುಂದಕ್ಕ ಹನ್ನೆರಡು ಕೊಳವಿ. ಬೆಂಕಿ ಕೊಳವಿ ಒಳಗ ಹೋಗ್ತೈತಿ, ನೀರು ಕೊಳವಿ ಸುತ್ತ ಇರ್ತೈತಿ. ನೀರು ಉಗಿ ಆಗಿ ಮ್ಯಾಲ ಕೂಡ್ತೈತಿ. ಈ ಹಿಡಿ ಎಳದ್ರ ಉಗಿ ಕೆಳಗ ಸಿಲಿಂಡರಿಗೆ ಬರ್ತೈತಿ."

ಸಿಲಿಂಡರಿನ ಮೇಲಿನ ಮುಚ್ಚಳ ತೆಗೆದಾಗ ಒಳಗೆ ಕಡ್ಡಿಪೆಟ್ಟಿಗೆಗಿಂತ ಸಣ್ಣದಾದ ಹಿತ್ತಾಳೆಯ ಬಿಲ್ಲೆ ಕಂಡಿತು. ಅದರ ಕೆಳಗೆ ಮೂರು ಸೀಳು. ಬಿಲ್ಲೆ ಹಿಂದೆ ಸರಿದರೆ ಒಂದು ಸೀಳು ತೆರೆದು ಉಗಿ ಆಡುಬಿಲ್ಲೆಯನ್ನು, ಅಂದರೆ ಪಿಸ್ಟನ್ನನ್ನು, ಒಂದು ಕಡೆಗೆ ನೂಕುತ್ತದೆ. ಮುಂದೆ ಸರಿದರೆ ಇನ್ನೊಂದು ಸೀಳು ತೆರೆದು ಮರಳಿ ನೂಕುತ್ತದೆ. ಕೆಲಸ ಮುಗಿದ ಉಗಿ ನಡುವಿನ ಸೀಳಿನಿಂದ ಹೊಗೆಕೊಳವೆಗೆ ಹೋಗುತ್ತದೆ. ಬಿಲ್ಲೆಯನ್ನು ಯಾವಾಗ ಸರಿಸಬೇಕು ಎಂಬುದನ್ನು ಚಕ್ರದ ಅಚ್ಚಿನ ಮೇಲೆ ಓರೆಯಾಗಿ ಕೂಡಿಸಿದ ಒಂದು ದುಂಡು ತಟ್ಟೆ ನಿರ್ಧರಿಸುತ್ತದೆ. ಚಕ್ರ ತಿರುಗಿದರೆ ಬಿಲ್ಲೆ ಸರಿಯುತ್ತದೆ, ಬಿಲ್ಲೆ ಸರಿದರೆ ಚಕ್ರ ತಿರುಗುತ್ತದೆ. ಗಡಿಯಾರದಲ್ಲೂ ಇಂಥದೇ ಒಂದು ಕೊಡುಕೊಳ್ಳುವಿಕೆ ಇರುವುದರಿಂದ ಅದು ನನಗೆ ಬೇಗ ಹಿಡಿಯಿತು.

ಹಿಡಿಯದೇ ಇದ್ದದ್ದು ಬೇರೆ. ಕೆಲಸ ಮುಗಿದ ಉಗಿಯನ್ನು ಹೊಗೆಕೊಳವೆಗೇ ಯಾಕೆ ಬಿಡಬೇಕು? ಎಲ್ಲಾದರೂ ಹೊರಗೆ ಬಿಟ್ಟರೆ ಆಗದೇ?

ಫಾಯರ್‌ಮನ್ ಕಾಕಾ ನಕ್ಕರು. "ಉಗಿ ಜೋರ್‌ಲೆ ಮ್ಯಾಲ ಹ್ವಾದ್ರ ತನ್ನ ಸಂಗಾಟ ಹೊಗಿ ಎಳಕೊಂಡು ಹೋಗ್ತೈತಿ. ಹೊಗಿ ಹ್ವಾದಲ್ಲಿ ಒಲ್ಯಾಗ ಗಾಳಿ ಬರ್ತೈತಿ. ಗಾಡಿ ತನ್ನ ಉಸರಿಲೇ ತನ್ನ ಬೆಂಕಿ ಊದ್ಕೋತೈತಿ, ತಿಳೀತ? ಎಷ್ಟು ದುಡೀತೈತೋ ಅಷ್ಟು ಬೆಂಕಿ. ನಿಂತ್ರ ಬೆಂಕೀನೂ ಮಕ್ಕೋತೈತಿ."

ಆ ದಿನ ಮಾಪಕ ಕೊಟ್ಟು ಬರುವ ಬದಲು, ಬಾಯ್ಲರಿನಿಂದ ನೀರು ಇಳಿಸುವ ತಿರುಪು ಬಿಚ್ಚಿ ಒಳಗೆ ಇಣುಕಿ ನೋಡಿ ಬಂದೆ. ಬಟ್ಟೆಯಂಥ ಬಿಳಿಯ ಪೊರೆ ಕಂಡಿತು. ನಮ್ಮ ಕಡೆಯ ಬಾವಿ ನೀರು ಕಾಸಿದ ಯಾವ ಪಾತ್ರೆಯ ತಳದಲ್ಲೂ ಕಾಣುವ ಸುಣ್ಣ. ಕೊಳವೆಗಳ ಸುತ್ತ ಅದು ಎಷ್ಟು ದಪ್ಪ ಕೂತಿದೆಯೋ ಹೊರಗಿನಿಂದ ತಿಳಿಯುವಂತಿರಲಿಲ್ಲ. ಇದನ್ನು ತೆಗೆಯದೆ ಯಾರೂ ಯಾವ ಮಾತೂ ಕೊಡಲಾರರು ಎಂದು ಚಾಚಿಗೆ ಹೇಳಿದೆ. ಸಾಹೇಬರ ಹೆಂಡತಿಯನ್ನು ಆಗಲೇ ಚಾಚಿ ಎನ್ನತೊಡಗಿದ್ದೆ.

ಕೆರೆದು ತೆಗೆಯಲು ದಾರಿ ಇರಲಿಲ್ಲ. ಕೈ ಹಾಗಿರಲಿ, ಬೆರಳೂ ಒಳಗೆ ಹೋಗುತ್ತಿರಲಿಲ್ಲ. ಮುಂದಿನ ವಾರ ಹೋದಾಗ ಚಾಚಿ ಅಂಗಳದಲ್ಲಿ ಉದುರಿದ ನಿಂಬೆಕಾಯಿ ರಾಶಿ ಹಾಕಿಕೊಂಡು ಕೂತಿದ್ದರು.

"ತಾಮ್ರದ ಹಂಡೆ ಯಾತರಿಂದ ತಿಕ್ಕತಾರ?" ಎಂದು ನನ್ನನ್ನೇ ಕೇಳಿದರು.

"ಹುಣಸಿಹಣ್ಣು."

"ಹುಣಸಿಹಣ್ಣು ಅದರಾಗ ಹಾಕಿದ್ರ ನಾರು ಸಿಕ್ಕೋತೈತಿ. ಇದು ಬರೇ ನೀರಿನಂಗ ರಸ. ಹಾಕಿ ನೋಡ್ರಿ."

ಎಲ್ಲರೂ ಸೇರಿ ಹಿಂಡಿದೆವು. ಬಟ್ಟೆಯಲ್ಲಿ ಎರಡು ಸಲ ಸೋಸಿ, ಬಿಸಿನೀರು ಬೆರೆಸಿ ಬಾಯ್ಲರಿಗೆ ತುಂಬಿದೆ. ಸ್ವಲ್ಪ ಹೊತ್ತಿಗೆ ಒಳಗೆ ಸೋಡಾ ಬಾಟಲಿ ತೆಗೆದಂಥ ಸಣ್ಣ ಸದ್ದು. ಮೇಲಿನ ತೂತಿನಿಂದ ನೊರೆ ಉಕ್ಕಿ ಬಂತು. ಸಾಹೇಬರು ಸದ್ದು ಕೇಳದಿದ್ದರೂ ನೊರೆ ನೋಡಿ ಅಂಗೈಯನ್ನು ಬಾಯ್ಲರಿನ ಹೊಟ್ಟೆಗೆ ಹಚ್ಚಿ ಬಹಳ ಹೊತ್ತು ನಿಂತರು. ಮರುವಾರ ಆ ನೀರನ್ನು ಇಳಿಸಿದಾಗ ಹಸಿರುಹಳದಿ ಬಣ್ಣದ ಕೊಳೆಯೊಡನೆ ಸುಣ್ಣದ ಚೂರುಗಳು ಬಿದ್ದವು. ಇನ್ನೊಮ್ಮೆ ತುಂಬಿಸಿದೆವು, ಇನ್ನೊಮ್ಮೆ ಇಳಿಸಿದೆವು. ಕೊನೆಗೆ ಹುಳಿ ಉಳಿಯದಂತೆ ಅಡಿಗೆ ಸೋಡಾದ ನೀರಿನಿಂದ ತೊಳೆದೆ. ಒಳಗೆ ತಾಮ್ರ ಗುಲಾಬಿ ಬಣ್ಣಕ್ಕೆ ಬಂದಿತ್ತು.

ನಮಗೆಲ್ಲ ಖುಷಿಯಾಗಿತ್ತು. ಆ ಖುಷಿ ಪರೀಕ್ಷೆಯವರೆಗೆ ಉಳಿಯಿತು.

ಪರೀಕ್ಷೆ ಹೇಗೆ ಮಾಡಬೇಕೆಂದು ಸಾಹೇಬರಿಗೆ ಚೆನ್ನಾಗಿ ಗೊತ್ತಿತ್ತು. ಬಾಯ್ಲರಿನಲ್ಲಿ ಗಾಳಿ ಒಂದಿಷ್ಟೂ ಇರದಂತೆ ತಣ್ಣೀರು ತುಂಬಬೇಕು. ಎಲ್ಲ ತೂತು ಮುಚ್ಚಿ, ಕೈಪಂಪಿನಿಂದ ಇನ್ನಷ್ಟು ನೀರು ಒಳಗೆ ನೂಕಬೇಕು. ಓಡಿಸುವುದು ಎಂಬತ್ತು ಪೌಂಡಿನಲ್ಲಾದರೆ ಪರೀಕ್ಷೆ ನೂರಾ ಇಪ್ಪತ್ತರಲ್ಲಿ. ನೀರು ಉಗಿಯ ಹಾಗೆ ಹಿಗ್ಗುವುದಿಲ್ಲ. ಎಲ್ಲಾದರೂ ಬಿಟ್ಟುಕೊಂಡರೆ ಒಂದು ಚಿಮ್ಮು ಚಿಮ್ಮಿ ನಿಲ್ಲುತ್ತದೆ, ಒಡೆದು ಹಾರುವುದಿಲ್ಲ. ಲಾರಿ ಟೈರಿನ ಅಂಗಡಿಯಿಂದ ದೊಡ್ಡ ಮಾಪಕ ಕೇಳಿ ತಂದಿದ್ದೆ. ಬಾಯ್ಲರನ್ನು ಗಾಲಿಗಳ ಮೇಲಿನಿಂದ ಬಿಚ್ಚಿ ಅಂಗಳದ ಕಲ್ಲಿನ ಮೇಲಿಟ್ಟು ಪಂಪು ಹೊಡೆದೆವು.

ಅರವತ್ತಕ್ಕೆ ಮುಳ್ಳು ನಿಂತಿತು. ಕಾಕಾ ಕೈ ತೆಗೆದೊಡನೆ ಇಳಿಯತೊಡಗಿತು. ಹೊರಗೆ ಎಲ್ಲೂ ಒದ್ದೆ ಇರಲಿಲ್ಲ. ಹಲ್ಲಿನ ಡಾಕ್ಟರರು ಬಳಸುವಂಥ ಸಣ್ಣ ಕನ್ನಡಿಯನ್ನು ಒಲೆಯೊಳಗೆ ತೂರಿಸಿ, ಕಣ್ಣಿಗೆ ನನ್ನ ಗಡಿಯಾರದ ಭೂತಗನ್ನಡಿ ಸಿಕ್ಕಿಸಿ, ಒಂದೊಂದೇ ಕೊಳವೆ ನೋಡಿದೆ. ಕೆಳಸಾಲಿನ ಒಂದರ ಒಳಗೋಡೆಯಲ್ಲಿ, ಬಾಯಿಯಿಂದ ಅಂಗುಲದಷ್ಟು ಒಳಗೆ, ಸಾಸಿವೆಯಂಥ ನೀರಿನ ಹನಿ ಬೆಳೆದು ಉರುಳಿತು. ಮತ್ತೆ ಬೆಳೆಯಿತು, ಮತ್ತೆ ಉರುಳಿತು. ತಾಮ್ರ ಅಲ್ಲಿ ತೆಳುವಾಗಿ ಸೂಜಿಮೊನೆಯಷ್ಟು ತೂತಾಗಿತ್ತು. ಇಷ್ಟು ದಿನ ಅದನ್ನು ಮುಚ್ಚಿ ಹಿಡಿದಿದ್ದು ನಾವು ಕರಗಿಸಿ ತೆಗೆದ ಸುಣ್ಣವೇ.

ಚಾಚಿ ಬಾಗಿಲಲ್ಲಿ ನಿಂತಿದ್ದರು. "ಏನಾತು?" ಎಂದರು.

"ಸೋರಾಕತ್ತೈತಿ, ಚಾಚಿ."

"ಹಂಗಾದ್ರ ಮಾತು ಮುಗೀತು."

"ಇನ್ನೂ ಮುಗಿದಿಲ್ರಿ. ಆದ್ರ ಈಗ ಇದ್ದಂಗ ಇದಕ್ಕ ಬೆಂಕಿ ಹಚ್ಚಬಾರದು."

ಕಾಕಾ ಇದನ್ನು ಸನ್ನೆಗೆ ತಿರುಗಿಸಲಿಲ್ಲ. ಅದರ ಅಗತ್ಯವೂ ಇರಲಿಲ್ಲ. ಸಾಹೇಬರು ನನ್ನ ಮುಖ ನೋಡಿದ್ದರು.

ದಾರಿ ಎರಡಿದ್ದವು. ತಾಮ್ರದ ಕೆಲಸ ಮಾಡುವ ಊರಿನ ಬೋಗಾರರನ್ನು ಸಾಹೇಬರೇ ಕರೆಸಿದರು. ಅವರು ಬಾಯ್ಲರನ್ನು ತಿರುಗಿಸಿ ಮುರುಗಿಸಿ ನೋಡಿ, ಸುತ್ತಿ ಬಳಸದೆ ಹೇಳಿದರು. "ಕೆಂಪಗ ಕಾಸಿ ಬೆಳ್ಳಿ ಬೆಸಿಗಿ ತುಂಬಬೇಕ್ರಿ. ತುಂಬ್ತೀನಿ. ಆದ್ರ ಆ ಬಿಸಿಗೆ ಉಳದ ಬೆಸಿಗಿ ಯಾವುದರ ಬಿಚ್ಚಿದ್ರ ನನಗ ಕೇಳಬ್ಯಾಡ್ರಿ. ಇಪ್ಪತ್ತು ಜಾಗಾದಾಗ ಬೆಸಿಗಿ ಐತಿ ಇದರಾಗ." ಇನ್ನೊಂದು ದಾರಿ ಕಾಕಾ ಹಿಂದೊಮ್ಮೆ ಮಾತಿನ ನಡುವೆ ಹೇಳಿದ್ದು. ದೊಡ್ಡ ಎಂಜಿನ್ನಿನಲ್ಲಿ ದಾರಿಯ ನಡುವೆ ಕೊಳವೆ ಬಿರುಕು ಬಿಟ್ಟರೆ ಎರಡೂ ಬಾಯಿಗೆ ಬೆಣೆ ಹೊಡೆದು ಆ ಒಂದನ್ನು ಮುಚ್ಚಿಬಿಡುತ್ತಾರೆ. ಉಳಿದವು ಕೆಲಸ ಮಾಡುತ್ತವೆ.

ಸಾಹೇಬರು ಬೋಗಾರರ ದಾರಿಗೇ ಪಟ್ಟು ಹಿಡಿದರು. "ಬೆಣಿ ಹೊಡೆಯೂದು ಊರು ಮುಟ್ಟೂ ತನಕ. ಅದು ರಿಪೇರಿ ಅಲ್ಲ. ಹನ್ನೆರಡ್ರಾಗ ಒಂದು ಮುಚ್ಚಿದ್ರ ಗಾಡಿ ಅರ್ಧ ಹೊಟ್ಟಿ ಉಂಡಂಗ. ಫೋರ್‌ಮನ್ ಹನ್ನೆರಡು ಇಟ್ಟಾನ. ಹನ್ನೆರಡೂ ಇರಬೇಕು."

ನಾನು ಕಾಕಾನ ಕಡೆ ನೋಡಿದೆ. "ನನ್ನ ಕೇಳಬ್ಯಾಡ ಯವ್ವಾ," ಎಂದರು. "ಅಕ್ಕಾರಿಗೆ ಮಾತು ಕೊಡಾಕಿ ನೀನು. ನೀ ಯಾವುದಕ್ಕ ಮಾತು ಕೊಡ್ತೀ ನೋಡ್ಕೋ."

ಕಾಸಿದ ಬಾಯ್ಲರಿಗೆ ನಾನು ಮಾತು ಕೊಡಲಾರೆ ಎಂಬುದು ಆಗ ನನಗೆ ಸ್ಪಷ್ಟವಾಯಿತು. ಕಣ್ಣಿಗೆ ಕಾಣದ ಬೆಸುಗೆ ಅಷ್ಟಿಷ್ಟು ಸಡಿಲಾಗಿ, ಪರೀಕ್ಷೆಯಲ್ಲಿ ಪಾಸಾಗಿ, ಮುಂದೊಂದು ದಿನ ಬಿಟ್ಟುಕೊಂಡರೆ? ಬೆಣೆಯಾದರೆ ಎರಡು ತುದಿ, ಎರಡೂ ಕಣ್ಣೆದುರಿಗೆ. ಬೆಣೆ ಹಾಕುವುದಾದರೆ ಮಾಡುತ್ತೇನೆ, ಕಾಸುವುದಾದರೆ ಚಾಚಿಗೆ ನಾನು ಏನೂ ಹೇಳುವುದಿಲ್ಲ ಎಂದೆ. ಕಾಕಾ ಸನ್ನೆ ಮಾಡಿದರು. ಸಾಹೇಬರು ಎದ್ದು ಗಿಡಗಳಿಗೆ ನೀರು ಬಿಡಲು ಹೋದರು. ನಾನು ಬಸ್ಸು ಹತ್ತುವವರೆಗೆ ಮರಳಿ ಬರಲಿಲ್ಲ. ಅದರ ಮುಂದಿನ ವಾರ ನಾನು ತಿಕೋಟಾಕ್ಕೆ ಹೋಗಲಿಲ್ಲ.

ಅಂಗಡಿಯಲ್ಲಿ ಕೂತು ಆ ಕೆಲಸವನ್ನು ಮನಸ್ಸಿನಿಂದ ತೆಗೆಯಲು ನೋಡಿದೆ. ಆಗಲಿಲ್ಲ. ಯಾರೂ ಹೇಳದಿದ್ದರೂ ಒಂದು ಹಿತ್ತಾಳೆ ಸಲಾಕೆ ತಂದೆ. ಕೊಳವೆಯ ಉದ್ದಕ್ಕೂ ಹಾಯುವ ಸಲಾಕೆ, ಅದರ ಎರಡೂ ತುದಿಗೆ ನಟ್ಟು ಹತ್ತುವ ತಿರುಪಿನ ಗೆರೆ, ಎರಡೂ ಬಾಯಿಗೆ ಇಳಿಜಾರಾದ ಬೆಣೆ, ಬೆಣೆಯ ಹಿಂದೆ ತಾಮ್ರದ ವಾಷರ್, ನಟ್ಟು. ನಟ್ಟು ಬಿಗಿದಂತೆ ಎರಡೂ ಬೆಣೆಗಳು ಒಂದರ ಕಡೆಗೊಂದು ಎಳೆಯಲ್ಪಟ್ಟು ಬಾಯಿ ಮುಚ್ಚಬೇಕು. ಗಡಿಯಾರದ ಭಾಗ ಕಡೆಯುವ ಸಣ್ಣ ಲೇತಿನಲ್ಲಿ ಅಷ್ಟು ದಪ್ಪದ ಕೆಲಸ ಮಾಡಿ ಅಭ್ಯಾಸವಿರಲಿಲ್ಲ. ಮೊದಲ ಎರಡು ಬೆಣೆ ಕೆಟ್ಟವು.

ಮೂರನೆಯದನ್ನು ಹಿಡಿದಿದ್ದಾಗ ಎದುರಿಗೆ ನೆರಳು ಬಿತ್ತು. ಡ್ರೈವರ್ ಸಾಹೇಬರು. ತಿಕೋಟಾದಿಂದ ಒಬ್ಬರೇ ಬಂದಿದ್ದರು. ಅಪ್ಪ ಸ್ಟೂಲು ಬಿಟ್ಟುಕೊಟ್ಟ. ಅವರು ಕೂತು, ಕೆಟ್ಟ ಬೆಣೆಗಳನ್ನು ಒಂದೊಂದಾಗಿ ಎತ್ತಿ ಬೆರಳಿನಿಂದ ಸವರಿ ನೋಡಿದರು. ಆಮೇಲೆ ಲೇತಿನ ಮೇಜಿಗೆ ಅಂಗೈ ಹಚ್ಚಿ, ನಾನು ಕಡೆಯುವಷ್ಟು ಹೊತ್ತು ಹಾಗೇ ಕೂತರು.

"ಇಳಿಜಾರು ಇಷ್ಟ್ಯಾಕ ಇಟ್ಟೀ?" ಎಂದರು ಕೊನೆಗೆ. ಗಲ್ಲಿಗೆಲ್ಲ ಕೇಳುವ ದನಿ. "ಕಮ್ಮಿ ಮಾಡು. ಬೆಣಿ ಕಚ್ಚಬೇಕು, ಸೀಳಬಾರದು. ತಾಮ್ರ ಅದು."

ಕಡಿಮೆ ಮಾಡಿ, ಅದರ ಜೊತೆಯದನ್ನೂ ಹಾಗೇ ಕಡೆದೆ. ಅವರು ಎರಡನ್ನೂ ಬೆಳಕಿಗೆ ಹಿಡಿದು ನೋಡಿ, ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದರು. ಹನ್ನೆರಡರ ಮಾತು ಮತ್ತೆ ಬರಲಿಲ್ಲ.

ಬೆಣೆ ಕೂಡಿಸಿ ಮತ್ತೆ ತಣ್ಣೀರಿನ ಪರೀಕ್ಷೆ ಮಾಡಿದೆವು. ಅರವತ್ತು ದಾಟಿತು, ಎಂಬತ್ತು ದಾಟಿತು. ನೂರಾ ಇಪ್ಪತ್ತಕ್ಕೆ ಪಂಪು ನಿಲ್ಲಿಸಿದೆವು. ಚಾಚಿ ಚಹಾ ಮಾಡಿ ತಂದರು. ಕುಡಿದು, ಕಪ್ಪು ತೊಳೆದಿಟ್ಟು ಬಂದು ನೋಡಿದರೂ ಮುಳ್ಳು ಅಲ್ಲೇ ಇತ್ತು. ಉಗಿ ಹೆಚ್ಚಾದರೆ ತಾನಾಗಿ ತೆರೆದು ಹೊರಬಿಡುವ ಸೇಫ್ಟಿ ವಾಲ್ವಿನ ಸ್ಪ್ರಿಂಗನ್ನೂ ಬಿಚ್ಚಿ, ತೊಳೆದು, ಎಂಬತ್ತಕ್ಕೆ ತೆರೆಯುವಂತೆ ತಿರುಪು ನಿಲ್ಲಿಸಿದೆ. ಆಮೇಲೆ ಚಾಚಿಗೆ ನನ್ನ ಮಾತು ಹೇಳಿದೆ. ಬಾಯ್ಲರ್ ಗಟ್ಟಿಯಿದೆ. ಆದರೆ ಕಿವಿ ಕೇಳುವವರೊಬ್ಬರು ಹತ್ತಿರವಿಲ್ಲದೆ ಸಾಹೇಬರು ಒಬ್ಬರೇ ಇದಕ್ಕೆ ಬೆಂಕಿ ಹಾಕಕೂಡದು. ಬಾವಿ ನೀರು ಹಾಕಕೂಡದು. ಎರಡಕ್ಕೂ ಸಾಹೇಬರು ಒಪ್ಪಿ ತಲೆಯಾಡಿಸಿದರು. ಚಾಚಿ ಅವರ ಮುಖವನ್ನೇ ನೋಡಿ, "ಬಾಯಿಲೆ ಹೇಳ್ರಿ," ಎಂದು ತುಟಿಯಾಡಿಸಿ ತೋರಿಸಿದರು. ಅವರು ಬಾಯಿಯಿಂದಲೂ ಹೇಳಿದರು.

ಬಾವಿ ನೀರು ಬೇಡವೆಂದ ಮೇಲೆ ಮಳೆಗೆ ಕಾಯಬೇಕಾಯಿತು. ಮೊದಲ ಮಳೆಯ ನೀರನ್ನು ಚಾಚಿ ಹಂಡೆಗಳಲ್ಲಿ ಹಿಡಿದಿಟ್ಟರು. ಮುಂದಿನ ರಜೆಯ ದಿನ ಬೆಳಿಗ್ಗೆ ಹೋದೆ. ಸೀಮೆ ಎಣ್ಣೆಯಲ್ಲಿ ನೆನೆಸಿದ ಇದ್ದಿಲನ್ನು ಒಲೆಗೆ ಹಾಕಿ, ಹೊಗೆಕೊಳವೆಯ ಮೇಲೆ ಆಳೆತ್ತರದ ತಗಡಿನ ಕೊಳವೆ ನಿಲ್ಲಿಸಿದೆವು. ಗಾಡಿ ಓಡುವ ತನಕ ತನ್ನ ಬೆಂಕಿ ತಾನು ಊದಿಕೊಳ್ಳಲಾರದು, ಅಲ್ಲಿಯವರೆಗೆ ಆ ಉದ್ದ ಕೊಳವೆಯೇ ಗಾಳಿ ಎಳೆಯಬೇಕು. ಇದ್ದಿಲು ಕೆಂಪಾದ ಮೇಲೆ ಕಡಲೆಕಾಳಿನಿಂದ ನೆಲ್ಲಿಕಾಯಿ ಗಾತ್ರದವರೆಗಿನ ಕಲ್ಲಿದ್ದಲು. ಹಂಡೆಯ ನೀರು ಕುದಿಯುವಷ್ಟು ಹೊತ್ತಿಗೆ ಮುಳ್ಳು ಅಲುಗಿತು. ಅದು ಎಂಬತ್ತರ ಕಡೆ ಏರಿದ ಮೇಲೆ ತಗಡಿನ ಕೊಳವೆ ತೆಗೆದು ಸಾಹೇಬರು ಹಿಡಿ ಎಳೆದರು. ಸಿಲಿಂಡರಿನಿಂದ ತಣ್ಣೀರು ಉಗುಳಿ, ಒಮ್ಮೆ ಹಿಂದೆ ಜರುಗಿ, ಗಾಡಿ ಮುಂದೆ ಹೊರಟಿತು.

ಓಡಿತು. ಆದರೆ ಅದರ ಉಸಿರು ನೆಟ್ಟಗಿರಲಿಲ್ಲ. ಎರಡು ಸಿಲಿಂಡರು, ಒಂದೊಂದಕ್ಕೆ ಎರಡೆರಡು ನೂಕು, ಚಕ್ರ ಒಂದು ಸುತ್ತು ಬಂದರೆ ಹೊಗೆಕೊಳವೆಯಲ್ಲಿ ಸಮನಾಗಿ ನಾಲ್ಕು ಬಡಿತ ಕೇಳಬೇಕು. ನನಗೆ ಕೇಳಿದ್ದು ಎರಡು ಹತ್ತಿರ, ಒಂದು ತಡೆ, ಮತ್ತೆ ಎರಡು ಹತ್ತಿರ. ಗೋಡೆ ಗಡಿಯಾರವನ್ನು ಓರೆಯಾಗಿ ತೂಗುಹಾಕಿದಾಗ ಹೀಗೇ ಕುಂಟುತ್ತದೆ. ಆ ಸದ್ದು ನನಗೆ ಚಿಕ್ಕಂದಿನಿಂದ ಗೊತ್ತು. ಕಾಕಾ ಕೂಡ ತಲೆ ಓರೆ ಮಾಡಿ ಕೇಳಿಸಿಕೊಂಡು, "ಕುಂಟಾಕತ್ತೈತಿ," ಎಂದರು. ಸಾಹೇಬರು ನಗುತ್ತ ಗಾಡಿಯ ಪಕ್ಕಕ್ಕೆ ನಡೆಯುತ್ತಿದ್ದರು.

ಹೇಳುವುದೋ ಬಿಡುವುದೋ ಎಂದು ಒಂದು ಸುತ್ತು ಯೋಚಿಸಿದೆ. ಆಮೇಲೆ ಅವರ ಮುಂಗೈ ಹಿಡಿದು, ಬೆರಳಿನಿಂದ ನನಗೆ ಕೇಳಿದ ಹಾಗೇ ತಟ್ಟಿ ತೋರಿಸಿದೆ. ಅವರ ನಗು ನಿಂತಿತು. ಗಾಡಿ ನಿಲ್ಲಿಸಿದರು. ತಮ್ಮ ಸುಟ್ಟ ಕಲೆಯಿದ್ದ ಅಂಗೈಯನ್ನು ಹೊಗೆಕೊಳವೆಯ ಮೇಲೆ, ಮೊಳದಷ್ಟು ಎತ್ತರದಲ್ಲಿ ಹಿಡಿದು, ಕಾಕಾಗೆ ಮೆಲ್ಲಗೆ ಓಡಿಸಲು ಸನ್ನೆ ಮಾಡಿದರು. ಉಗಿ ಅಂಗೈಗೆ ಬಡಿಯುತ್ತಿತ್ತು. ಒಂದಷ್ಟು ದೂರ ಹಾಗೇ ಬಾಗಿ ನಡೆದು, "ಹೌದು," ಎಂದರು. "ಬಲಗಡಿದು. ಒಂದ ಸವನ ತಡ ಮಾಡಾಕತ್ತೈತಿ."

ತಣ್ಣಗಾದ ಮೇಲೆ ಎರಡೂ ಸಿಲಿಂಡರಿನ ಮುಚ್ಚಳ ಬಿಚ್ಚಿದೆವು. ಚಕ್ರವನ್ನು ಕೈಯಿಂದ ತಿರುಗಿಸುತ್ತ ನೋಡಿದೆ. ಎಡಗಡೆ, ಪಿಸ್ಟನ್ ತುದಿ ಮುಟ್ಟುವ ಹೊತ್ತಿಗೆ ಸೀಳು ಕೂದಲೆಳೆಯಷ್ಟು ತೆರೆದಿತ್ತು. ಬಲಗಡೆ, ಪಿಸ್ಟನ್ ಮರಳಿ ಹೊರಟ ಮೇಲೂ ಮುಚ್ಚಿಯೇ ಇತ್ತು. ಅಚ್ಚಿನ ಮೇಲಿನ ಓರೆ ತಟ್ಟೆಯ ತಿರುಪು ಸಡಿಲಾಗಿ ಅದು ಹಿಂದಕ್ಕೆ ಜರುಗಿತ್ತು. ಜರುಗಿಸಿ, ನೋಡಿ, ತುಸು ಹೆಚ್ಚಾಯಿತೆಂದು ಹಿಂದೆ ತಂದು, ಮತ್ತೆ ನೋಡಿ, ಎರಡೂ ಕಡೆ ಒಂದೇ ತೆರನಾದಾಗ ತಿರುಪು ಬಿಗಿದೆ. ಹೊರಗಿನಿಂದ ನೋಡುವವರಿಗೆ ಏನೂ ನಡೆಯದಂಥ ಕೆಲಸ. ಮಧ್ಯಾಹ್ನವೆಲ್ಲ ಅದಕ್ಕೇ ಹೋಯಿತು.

ಇನ್ನೊಂದು ವಾರ ಮತ್ತೆ ಬೆಂಕಿ ಹಾಕಿದೆವು. ಈ ಸಲ ನಾಲ್ಕೂ ಸಮನಾಗಿ ಬಂದವು. ಅವರ ಮುಂಗೈಗೆ ತಟ್ಟಿ ತೋರಿಸಿದೆ. ಅವರು ಹೊಗೆಕೊಳವೆಯ ಮೇಲ್ಗಡೆ ಅಂಗೈ ಹಿಡಿದು ತಾವೇ ನೋಡಿಕೊಂಡರು. ಆಮೇಲೆ ಎಂಜಿನ್ನಿನ ಹಿಂದೆ ಕಟ್ಟಿದ ಹಲಗೆಗಾಡಿಯ ಕಡೆ ಕೈ ತೋರಿಸಿ, "ಕೂಡು," ಎಂದರು.

"ನಾನಾ? ನನಗ ಬರಂಗಿಲ್ರಿ."

"ರಿಪೇರಿನೂ ಬರ್ತಿದ್ದಿಲ್ಲ," ಎಂದರು ಬಾಗಿಲಲ್ಲಿದ್ದ ಚಾಚಿ.

ಸೀರೆ ಎತ್ತಿ ಸಿಕ್ಕಿಸಿ ಹಲಗೆಯ ಮೇಲೆ ಕೂತೆ. ಹಿಡಿ ಎಳೆದೆ. ಗಾಡಿ ಹೊರಟಿತು. ನೀರು ಕಡಿಮೆಯಾದೀತೆಂಬ ಹೆದರಿಕೆಯಲ್ಲಿ ಒಳಗೆ ನೀರು ನೂಕುವ ಕೈಪಂಪು ಹೊಡೆಯುತ್ತಲೇ ಇದ್ದೆ. ಬಾಯ್ಲರ್ ಕಂಠಮಟ್ಟ ತುಂಬಿ, ಉಗಿಯ ಜೊತೆ ನೀರೂ ಸಿಲಿಂಡರಿಗೆ ಹೋಗಿ, ಹೊಗೆಕೊಳವೆಯಿಂದ ಕಪ್ಪು ನೀರು ಕಾರಂಜಿಯ ಹಾಗೆ ಹಾರಿ ನನ್ನ ಮುಖದ ಮೇಲೆ ಬಿತ್ತು. ಹಿಂದೆ ಯಾರೋ ನಕ್ಕದ್ದು ಕೇಳಿತು. ಪಂಪು ಬಿಟ್ಟೆ. ಮುಖ ಒರೆಸಿಕೊಳ್ಳುವುದರಲ್ಲಿ ಬೆಂಕಿಯ ನೆನಪು ಹೋಯಿತು. ತೋಟದ ಆ ತುದಿಯಲ್ಲಿ, ಗಿಡಗಳ ನಡುವೆ, ಬಡಿತ ನಿಧಾನವಾಗಿ, ಇನ್ನೂ ನಿಧಾನವಾಗಿ, ಗಾಡಿ ನಿಂತೇಬಿಟ್ಟಿತು.

ತಿರುಗಿ ನೋಡಿದೆ. ಸಾಹೇಬರು ದೂರದಲ್ಲಿ ಹಳಿಯ ಮೇಲೆ ನಿಂತಿದ್ದರು. ಕಾಕಾ ನನ್ನ ಕಡೆ ಹೊರಟರೆ ಅವರ ತೋಳು ಹಿಡಿದು ನಿಲ್ಲಿಸಿದರು. ಆಮೇಲೆ ಎರಡು ಮುಷ್ಟಿ ಮುಂದೆ ನೂಕಿ ತೋರಿಸಿದರು.

ಒಲೆಯ ಬಾಗಿಲು ತೆಗೆದೆ. ಮೂಲೆಗಳಲ್ಲಷ್ಟೇ ಕೆಂಪು ಉಳಿದಿತ್ತು. ಅಲ್ಲಿಗೇ ಒಂದೊಂದು ಸಣ್ಣ ಚೂರು ಇಟ್ಟೆ, ಹಿಡಿದ ಮೇಲೆ ಇನ್ನೊಂದು. ಹೊಗೆಕೊಳವೆಗೆ ಸ್ವಲ್ಪ ಉಗಿ ಬಿಡುವ ಸಣ್ಣ ತಿರುಪು ತೆಗೆದು ಬೆಂಕಿಗೆ ಗಾಳಿ ಮಾಡಿಕೊಟ್ಟೆ. ಬಹಳ ಹೊತ್ತು ಏನೂ ಆಗಲಿಲ್ಲ. ನಿಂಬೆಗಿಡದಲ್ಲಿ ಇರುವೆಗಳು ಸಾಲಾಗಿ ಹೋಗುತ್ತಿದ್ದುದನ್ನು ನೋಡುತ್ತ ಕೂತೆ. ಕೊನೆಗೆ ಒಲೆಯೊಳಗೆ ಮೊರೆತ ಎದ್ದಿತು. ಕಾಯಿಸಿಕೊಂಡೆ. ಮುಳ್ಳು ಏರುವವರೆಗೆ ಇನ್ನಷ್ಟು ಕಾಯಿಸಿಕೊಂಡೆ. ಆಮೇಲೆ ಹಿಡಿಯನ್ನು ಕೂದಲೆಳೆಯಷ್ಟೇ ಎಳೆದೆ.

ಗಾಡಿ ತಿರುವು ದಾಟಿ ಬರುವಾಗ ಸಾಹೇಬರು ಇನ್ನೂ ಹಳಿಯ ಮೇಲೆಯೇ ಇದ್ದರು. ನಾನು ಹತ್ತಿರ ಬಂದಂತೆ, ಬರುವ ಗಾಡಿಗೆ ರೈಲ್ವೆಯವರು ದಾರಿ ಬಿಡುವ ಹಾಗೆ, ಹಳಿ ದಾಟಿ ಪಕ್ಕಕ್ಕೆ ಸರಿದು ನೆಟ್ಟಗೆ ನಿಂತರು. ನಾನು ಅವರನ್ನು ದಾಟಿಕೊಂಡು ಮುಂದೆ ಹೋದೆ.